ಮುಟ್ಟಿದ ಹುಗ್ಗಿ

"ಲೇ ಲೇ ಲೇ, ಕೈಗ್ಯಾಕೆ ಕೊಡಾಕೆ ಬರ್ತೀಯಲೇ ಬೋಳಿಮಗನೆ? ಅಲ್ಲಿ ಕಟ್ಟೆ ಮ್ಯಾಲಿಡು. ಆಮ್ಯಾಲೆ ನೋಡ್ಕಂತೀನಿ."

ರಂಗಪ್ಪ ಚಾಚಿದ್ದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಹೆಗಲ ಮೇಲಿನ ಟವೆಲ್ಲು ಅಂಗಳಕ್ಕೆ ಕಾಲಿಡುವ ಮೊದಲೇ ಕಂಕುಳ ಸೇರಿತ್ತು. ಮಗನ ಲಗ್ನಪತ್ರಿಕೆಯನ್ನು ಪರಮಶಿವಪ್ಪನ ಮನೆ ಕಟ್ಟೆಯ ಮೂಲೆಯಲ್ಲಿಟ್ಟು, ಅದರ ಮೇಲೆ ಎಲೆ ಅಡಿಕೆ ಇಟ್ಟು ಕೈಮುಗಿದ. ಹಿಂದೆ ನಿಂತಿದ್ದ ಹೆಂಡತಿ ಗುತ್ಯಮ್ಮ ಕೈಮುಗಿಯಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಎರಡೂ ಕೈಗೆ ಕೆಲಸ ಕೊಟ್ಟಳು.

ಪರಮಶಿವಪ್ಪನಿಗೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಹೊಲ, ಎರಡೂ ಕಡೆ ನಡೆಯುವ ಮಾತು. ಅವನ ಕೆರೆಕೆಳಗಿನ ಹೊಲವನ್ನು ರಂಗಪ್ಪ ಅರ್ಧ ಪಾಲಿಗೆ ಮಾಡುತ್ತಿದ್ದ. ಮೆಕ್ಕೆಜೋಳ ಒಣಗಿ, ತೆನೆ ಮುರಿಯುವುದೊಂದೇ ಬಾಕಿ. ಪಾಲಿನ ಜೋಳ ಮನೆಗೆ ಬರುವವರೆಗೆ ಪರಮಶಿವಪ್ಪ ಕೆಮ್ಮಿದರೂ ರಂಗಪ್ಪನ ಎದೆ ಝಲ್ಲೆನ್ನುತ್ತಿತ್ತು.

"ಮದ್ವಿ ಎಲ್ಲಲೇ?"

"ತಾಳಿ ಚಂದ್ರಗುತ್ತಿ ಅಮ್ಮನ ಸನ್ನಿಧೀಲಿ ಗೌಡ್ರೆ. ಹುಡುಗಿ ಆನವಟ್ಟಿ ಕಡೇದು. ಮಾರನೇ ದಿನ ಸಂಜಿಗೆ ನಮ್ಮೂರ ಸಾಲಿ ಬಯಲಾಗೆ ರಿಸೆಪ್ಷನ್ನು. ತಾವು ದೊಡ್ಡ ಮನಸು ಮಾಡಿ..."

"ರಿಸೆಪ್ಷನ್ನು!" ಪರಮಶಿವಪ್ಪ ಒಳಗೆ ಹೆಂಡತಿಗೆ ಕೇಳುವಂತೆ ಕೂಗಿದ. "ಕೇಳಿದೇನೇ ರಾಜೇಶ್ವರಿ? ರಂಗ ರಿಸೆಪ್ಷನ್ ಮಾಡ್ತಾನಂತೆ! ಮಗಂಗೆ ಸೂಟು ಹೊಲಿಸೀಯೇನಲೇ?"

ಒಳಗಿನಿಂದ ನಗು ಬಂತು. ರಂಗಪ್ಪನೂ ನಕ್ಕ. ಪಾಪ, ನಗದೆ ಏನು ಮಾಡಿಯಾನು?

"ಆತು, ಬರ್ತೀವಿ. ಊರ ಹಿರೇರೆಲ್ಲ ಬರ್ತೀವಿ. ಆದ್ರೆ ಪದ್ಧತಿ ಗೊತ್ತಲ್ಲ? ನಮಗೆ ಅಡಿಗಿ ಬ್ಯಾರೆ. ಸಾಲಿ ಕಾಂಪೌಂಡಿನ ಆಚೆ ಬ್ಯಾರೆ ಪೆಂಡಾಲ್ ಹಾಕ್ಸು. ನಮ್ಮ ಸದಾಶಿವಪ್ಪ ಅಡಿಗಿ ಮಾಡ್ತಾನೆ. ಸಾಮಾನು ತಂದು ಇಳಿಸಿದ ಮ್ಯಾಲೆ ನಿಮ್ಮೋರೊಬ್ರೂ ಆ ಕಡಿಗೆ ಹಾಯಂಗಿಲ್ಲ. ಗೋಧಿ ಹುಗ್ಗಿ ಮಾಡ್ಸು, ತುಪ್ಪ ಚಲೋದು ತಾ."

"ಆಗ್ಲಿ ಗೌಡ್ರೆ."

"ಮತ್ತೆ ನಿನ್ನ ಮಗ ಅದೆಂಥದೋ ರಾಜರ ಕುರ್ಚಿ ಹೇಳ್ಯಾನಂತಲ್ಲ, ನಮ್ಮ ಸೌಂದರ್ಯನ ರಿಸೆಪ್ಷನ್ನಾಗೆ ಇಟ್ಟಿದ್ವಲ್ಲ, ಕೆಂಪು ಮಕಮಲ್ಲಿಂದು? ನೀವು ಕುಂತು ಏನು ರಾಜ್ಯ ಆಳ್ತೀರಿ? ಅವನ್ನ ನಮ್ಮ ಪೆಂಡಾಲಿಗೆ ಹಾಕ್ಸು. ಪ್ಲಾಸ್ಟಿಕ್ ಕುರ್ಚಿ ನನ್ನ ಸೊಂಟಕ್ಕೆ ಆಗಿಬರಲ್ಲ."

ಮನೆಯ ದಾರಿಯುದ್ದಕ್ಕೂ ರಂಗಪ್ಪನಿಗೆ ಖುಷಿಯೋ ಖುಷಿ. "ಬರ್ತೀನಿ ಅಂದ್ರಲ್ಲೇ ಗುತ್ತಿ! ಗೌಡ್ರು ನಮ್ಮ ಹುಡುಗನ ಸ್ಟೇಜ್ ಹತ್ತತಾರೆ!"

"ಹತ್ತತಾರೆ, ಫೋಟೊ ಹೊಡಿಸ್ಕಂತಾರೆ, ಇಳಿದು ಹೋಗಿ ಗೋಡಿ ಆಚೆ ಉಣ್ತಾರೆ. ನಮ್ಮ ಗೋಧಿ ಆಗ್ತೈತಿ, ನಮ್ಮ ಬೆಲ್ಲ ಆಗ್ತೈತಿ, ನಮ್ಮ ತುಪ್ಪ ಆಗ್ತೈತಿ. ನಮ್ಮ ಕೈ ಒಂದು ಆಗಲ್ಲ," ಎಂದಳು ಗುತ್ಯಮ್ಮ.

"ಒಂದಿನದ ಮಟ್ಟಿಗೆ ಬಾಯಿ ಮುಚ್ಕಳೇ ಮಾರಾಯ್ತಿ. ತೆನಿ ಇನ್ನೂ ಹೊಲದಾಗೆ ಐತೆ."

ಆ ಜೋಳ ಬಿತ್ತಿದ್ದು ಅವಳು, ಕಳೆ ತೆಗೆದದ್ದು ಅವಳು, ರಾತ್ರಿ ಹಂದಿ ನುಗ್ಗದಂತೆ ಕಾಯಲು ಗಂಡನ ಜೊತೆ ಮಂಚಿಕೆ ಹತ್ತಿ ಕೂತದ್ದೂ ಅವಳೇ. ಹಲ್ಲು ಕಚ್ಚಿಕೊಂಡು ನಡೆದಳು.

ಅವಳಿಗೆ ಕಳೆದ ವರ್ಷ ನಡೆದ, ಗೌಡರ ಮಗಳು ಸೌಂದರ್ಯನ ರಿಸೆಪ್ಷನ್ನು ಮರೆತಿರಲಿಲ್ಲ. ಶಿಕಾರಿಪುರದ ಕಲ್ಯಾಣ ಮಂಟಪಕ್ಕೆ ಎಂಜಲೆಲೆ ಎತ್ತಲು ಕೇರಿಯ ಹೆಂಗಸರನ್ನು ಕರೆದೊಯ್ದಿದ್ದರು. ಮಂಟಪದ ಗೋಡೆ ಕಾಣದಷ್ಟು ಹೂವು, ಕಣ್ಣು ಕೋರೈಸುವಷ್ಟು ದೀಪ. ಎಲ್ಲರದೂ ಊಟ ಮುಗಿದ ಮೇಲೆ ಇವರನ್ನು ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ ಕೂರಿಸಿ, ಅನ್ನ, ಸಾರು, ಹುಗ್ಗಿ, ಪಲ್ಯ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ತಂದಿಟ್ಟರು. ಕೈ ಹಾಕುವಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, "ಊಟ ಆತಲ್ಲ, ಹಿಂದಿನ ಲೈಟ್ ಆರಿಸ್ರಲೇ, ಕರೆಂಟೇನು ಪುಗಸಟ್ಟೆ ಬರ್ತೈತಾ?" ಲೈಟು ಆರಿತು. ಹಸಿದ ಹೊಟ್ಟೆ, ಕತ್ತಲಲ್ಲೇ ತಡಕಿ ಉಂಡರು. ಗುತ್ಯಮ್ಮ ಬಾಯಿಗಿಟ್ಟ ತುತ್ತಿನಲ್ಲಿ ಯಾರೋ ಅಗಿದು ಉಗುಳಿದ ನುಗ್ಗೆಕಾಯಿ ಸಿಪ್ಪೆ ಸಿಕ್ಕಿತು. ಎಲೆಯ ಮೇಲೆ ಬಿಟ್ಟದ್ದನ್ನೂ ಬಳಿದು ಬುಟ್ಟಿಗೆ ಹಾಕಿದ್ದರು. ಅವತ್ತು ಅವಳು ವಾಂತಿ ಮಾಡಿಕೊಂಡದ್ದು ಆ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ.

ಹಾಗಾಗಿ ಲೈಟಿನ ಆನಂದಪ್ಪ ಬಯಲು ನೋಡಲು ಬಂದಾಗ ಎಲ್ಲರಿಗಿಂತ ಮೊದಲು ಬಾಯಿ ತೆಗೆದದ್ದು ಅವಳು.

"ಅಣ್ಣಾ, ಸ್ಟೇಜಿಗೆ ಎಷ್ಟಾರ ಹಾಕು. ಊಟದ ಕಡಿಗೆ ಮಾತ್ರ ಬೆಳಕು ಧಾರಾಳ ಇರ್ಬೇಕು. ಎಲಿ ಮ್ಯಾಲೆ ಏನೈತೆ ಅಂತ ಉಣ್ಣೋರಿಗೆ ಕಾಣ್ಬೇಕು."

"ಎಲ್ಲಾರೂ ಸ್ಟೇಜಿಗೆ ಜಾಸ್ತಿ ಕೇಳ್ತಾರೆ ತಾಯಿ, ನೀನೊಬ್ಳು ಎಲಿಗೆ ಕೇಳಿದ್ದು," ಎಂದು ಆನಂದಪ್ಪ ನಕ್ಕ. "ಎರಡೂ ಪೆಂಡಾಲಿಗೆ ಒಂದೇ ಜನರೇಟರ್ ಸಾಕಲ್ಲ?"

ಮಗ ನವೀನನ ಮುಖ ಸಪ್ಪಗಾಗಿತ್ತು. ಅವನು ಊರೂರಿಗೆ ಬಾಡಿಗೆ ಹೊಡೆಯುವ ಗೂಡ್ಸ್ ಆಟೊದ ಡ್ರೈವರು. ಅದೆಷ್ಟೋ ಮದುವೆಗೆ ಆ ಮಕಮಲ್ ಕುರ್ಚಿಗಳನ್ನು ಹೇರಿ ಇಳಿಸಿದ್ದ. ತನ್ನ ಮದುವೆಗೆ ಒಮ್ಮೆಯಾದರೂ ಅದರಲ್ಲಿ ಕೂರಬೇಕೆಂಬ ಆಸೆ. ಫೋನಿನಲ್ಲಿದ್ದ ಸುಮಾಳಿಗೆ ಅದನ್ನೇ ಹೇಳಿಕೊಂಡು ಗೊಣಗಿದ. ಮದುವಣಗಿತ್ತಿಯ ದನಿ ಸ್ಪೀಕರಿನಲ್ಲಿ ಖಣಿಲ್ಲನೆ ಬಂತು. "ಕುರ್ಚಿಗೆ ಎಂತಕ್ಕೆ ಸಾಯ್ತ್ರಿ? ನಾವು ಪ್ಲಾಸ್ಟಿಕ್ಕಲ್ಲೇ ಕೂತ್ಕೊಳಾಣ. ಹಿಂದೆ ಚೆಂಡುಹೂವಿನ ಮಾಲೆ ಇಳಿಬಿಡಿಸಿ, ನಮ್ಮಪ್ಪನ ಹಿತ್ಲಲ್ಲಿ ಬೇಕಾದಷ್ಟಿದೆ. ಆದ್ರೆ ಅತ್ತೆ, ಎರಡು ಅಡುಗೆ ಅಂದ್ರಂತಲ್ಲ, ಅದು ಎಂತ ಕಥೆ? ನಿಮ್ಮ ಮನೆಗೆ ಬರೋರಿಗೆ ನಿಮ್ಮ ಕೈ ಊಟ ಬ್ಯಾಡ ಅಂದ್ರೆ ಅವರು ಬರೋದಾದ್ರೂ ಎಂತಕ್ಕೆ?"

"ತೆನಿ ಹೊಲದಾಗೆ ಐತವ್ವ," ಎಂದಳು ಗುತ್ಯಮ್ಮ. ಗಂಡನ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಅಸಹ್ಯವಾಯಿತು.

ರಿಸೆಪ್ಷನ್ನಿನ ಸಂಜೆ ಬಯಲು ಗುರುತು ಸಿಗದಂತಾಗಿತ್ತು. ಶಾಲೆಯ ಜಗಲಿಯೇ ಸ್ಟೇಜು, ಹಿಂದೆ ಚೆಂಡುಹೂವಿನ ಪರದೆ, ಎರಡು ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನವೀನ, ಸುಮಾ. ನವೀನನಿಗೆ ಸೂಟು ತೋಳಿನಲ್ಲಿ ಕೊಂಚ ಉದ್ದ. ಕಾಂಪೌಂಡಿನ ಈಚೆ ಕೇರಿಯ ಪೆಂಡಾಲು, ಅಲ್ಲಿ ನೆರೆಮನೆಯ ಹನುಮಮ್ಮನ ಮುಂದಾಳತನದಲ್ಲಿ ಅನ್ನ ಸಾರು ಕುದಿಯುತ್ತಿತ್ತು. ಗೇಟಿನ ಆಚೆ ಇನ್ನೊಂದು ಪೆಂಡಾಲು, ಬಿಳಿ ಬಟ್ಟೆ ಹೊದಿಸಿದ ಟೇಬಲ್ಲು, ನಡುವೆ ಆ ಎರಡು ಕೆಂಪು ಸಿಂಹಾಸನ. ಹಿಂದೆ ಸದಾಶಿವಪ್ಪನ ಒಲೆ.

ಪರಮಶಿವಪ್ಪ ಊರ ಹಿರಿಯರ ಜೊತೆ ಬಂದ. ಸ್ಟೇಜು ಹತ್ತಿ ಅಕ್ಕಿಕಾಳನ್ನು ಮಾರುದೂರದಿಂದ ಎಸೆದ. ಸುಮಾ ಕಾಲು ಮುಟ್ಟಲು ಬಗ್ಗಿದಾಗ "ಇರ್ಲಿ ಇರ್ಲಿ, ಅಲ್ಲಿಂದ್ಲೇ ಮಾಡವ್ವ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಬಗ್ಗಿದ್ದ ಹುಡುಗಿ ಹಾಗೇ ನೆಟ್ಟಗೆ ನಿಂತಳು, ಮತ್ತೆ ಬಗ್ಗಲಿಲ್ಲ. ಫೋಟೊ ಆಯಿತು. ಅವರೆಲ್ಲ ಗೇಟು ದಾಟಿ ತಮ್ಮ ಪೆಂಡಾಲಿನ ಕಡೆ ನಡೆದರು.

ಅಷ್ಟರಲ್ಲಿ ಸದಾಶಿವಪ್ಪ ಗೋಡೆಯ ಮೇಲಿನಿಂದ ಕೂಗಿದ್ದ. "ಏ ಗುತ್ತಿ, ತುಪ್ಪದ ಡಬ್ಬಿ ಅಲ್ಲೇ ಉಳ್ಕಂಡೈತೆ, ತಂದು ಗೇಟಿನ ಹತ್ರ ಇಟ್ಟು ಹೋಗು."

ಗುತ್ಯಮ್ಮ ಡಬ್ಬಿ ತಂದಳು. ಗೇಟಿನಲ್ಲಿ ಯಾರೂ ಇರಲಿಲ್ಲ. ಸದಾಶಿವಪ್ಪ ಗೌಡರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಡಲು ಮುಂದೆ ಹೋಗಿದ್ದ. ಡಬ್ಬಿ ಇಟ್ಟು ತಿರುಗಬೇಕು, ಮೂಗಿಗೆ ವಾಸನೆ ಹೊಡೆಯಿತು. ಹುಗ್ಗಿ ತಳ ಹಿಡಿಯುತ್ತಿತ್ತು. ಕೊಪ್ಪರಿಗೆ ತುಂಬ ಹುಗ್ಗಿ, ಅವಳೇ ಕುಟ್ಟಿಸಿದ ಗೋಧಿ, ಅವಳೇ ಆರಿಸಿ ತಂದ ಬೆಲ್ಲ. ಅಡುಗೆ ಮಾಡುವ ಯಾವ ಹೆಂಗಸಿನ ಕೈ ತಾನೇ ಸುಮ್ಮನಿದ್ದೀತು? ಎರಡು ಹೆಜ್ಜೆಗೆ ಒಲೆಯ ಹತ್ತಿರ ಬಂದು, ಉರಿ ತಗ್ಗಿಸಿ, ಮರದ ಸೌಟು ಎತ್ತಿ ತಳಮಟ್ಟ ಕೈಯಾಡಿಸಿದಳು. ಸದ್ಯ, ಇನ್ನೂ ತಳ ಹತ್ತಿರಲಿಲ್ಲ. ಅವಳಿಗೆ ಸಮಾಧಾನವಾಯಿತು.

"ಅಯ್ಯಯ್ಯೋ! ಹಾಳು ಮಾಡಿಟ್ಳಲ್ರೀ ಹಲ್ಕಾ ಮುಂಡೆ! ಗೌಡ್ರೇ, ಹುಗ್ಗಿ ಮುಟ್ಟಿಬಿಟ್ಳು!"

ಸದಾಶಿವಪ್ಪನ ಕೂಗಿಗೆ ಊಟಕ್ಕೆ ಕೂತವರೆಲ್ಲ ಎದ್ದರು. ರಂಗಪ್ಪ ಓಡೋಡಿ ಬಂದ. ಬರುಬರುತ್ತಲೇ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡ. ಪರಮಶಿವಪ್ಪ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಏನಲೇ ರಂಗ, ಉಣ್ಣಾಕೆ ಕರೆದು ಜಾತಿ ಕೆಡಿಸ್ತೀಯೇನಲೇ ಸೂಳೆಮಗನೆ?"

"ತಪ್ಪಾತು ಗೌಡ್ರೆ, ಅದಕ್ಕೆ ಬುದ್ಧಿ ಇಲ್ಲ. ತಳ ಹತ್ತತೈತೆ ಅಂತ..."

"ಹತ್ತಿದ್ರೆ ಹತ್ಲಿ! ಸುಟ್ಟು ಕರಕಲಾಗ್ಲಿ! ಸದಾಶಿವಾ, ಆ ಕೊಪ್ಪರಿಗಿ ತಗಂಡು ಗುಂಡಿಗೆ ಸುರಿ. ಅನ್ನ ಸಾರು ಐತಲ್ಲ, ನಮಗೆ ಸಾಕು. ಈ ಮುಂಡೇದನ್ನ ಮೊದ್ಲು ಆಚೆ ಎಳೀರಿ."

ಎಂಜಲೆಲೆ ಹಾಕಲು ಗುಂಡಿ ತೋಡಿದ್ದರು. ಸದಾಶಿವಪ್ಪ ಮತ್ತೊಬ್ಬನನ್ನು ಕರೆದು ಕೊಪ್ಪರಿಗೆಯ ಬಳೆಗಳಿಗೆ ಬಿದಿರಿನ ಗಳ ತೂರಿಸಿದ. ಗುತ್ಯಮ್ಮ ನೋಡುತ್ತ ನಿಂತಳು. ಕಳೆದ ವರ್ಷ ಬುಟ್ಟಿಯಲ್ಲಿ ಇವರೆಲ್ಲರ ಎಂಜಲು ತಂದಿಟ್ಟಾಗ ಅದು ಊಟ. ಇವತ್ತು ಅವಳ ಸೌಟು ತಾಗಿದ ಹುಗ್ಗಿ ಕಸ.

"ಇಳಿಸಲೇ!"

ಅಂಥ ದನಿ ಅವಳಿಂದ ರಂಗಪ್ಪ ಕೂಡ ಕೇಳಿರಲಿಲ್ಲ. ಸದಾಶಿವಪ್ಪ ಬೆದರಿ ಗಳ ಬಿಟ್ಟುಬಿಟ್ಟ.

"ಇಳಿಸು ಅಂದೆ. ಅದು ನನ್ನ ಹುಗ್ಗಿ. ಗುಂಡಿಗೆ ಸುರಿಯಾಕೆ ನೀನ್ಯಾವನು? ನವೀನಾ! ಬಾರೋ ಇಲ್ಲಿ! ಹೊರು ಇದನ್ನ."

ನವೀನ ಸ್ಟೇಜಿನಿಂದ ಧುಮುಕಿ, ಸೂಟಿನ ಕೋಟು ಬಿಚ್ಚಿ ಗೇಟಿಗೆ ನೇತುಹಾಕಿ ಬಂದ. ಕೇರಿಯ ಇನ್ನಿಬ್ಬರು ಓಡಿ ಬಂದರು. ಸುಮಾ ಧಾರೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ತುಪ್ಪದ ಡಬ್ಬಿ ಕಂಕುಳಿಗೇರಿಸಿದಳು. ಗಳಕ್ಕೆ ನಾಲ್ಕನೆಯ ಹೆಗಲು ಗುತ್ಯಮ್ಮನದು.

"ಲೇ ರಂಗ!" ಪರಮಶಿವಪ್ಪ ಈಗ ಎದ್ದಿದ್ದ. "ನಿನ್ನ ಹೆಂಡ್ತಿಗೆ ಹೇಳು. ನಾಳೆಯಿಂದ ಹೊಲಕ್ಕೆ ಕಾಲಿಟ್ರೆ ಕಾಲು ಮುರಿಸ್ತೀನಿ. ಒಂದು ತೆನಿ ಸಿಗಲ್ಲ ನಿಮಗೆ!"

ರಂಗಪ್ಪ ಎರಡೂ ಕೈ ಜೋಡಿಸಿದ. ಗುತ್ಯಮ್ಮ ಗಳ ಹೊತ್ತುಕೊಂಡೇ ತಿರುಗಿದಳು.

"ಆ ತೆನಿಯೆಲ್ಲ ನಾ ಮುಟ್ಟಿದ್ದೇ ಕಣ್ರೀ ಗೌಡ್ರೆ. ಬೀಜ ಹಾಕಿದ್ದು ಈ ಕೈ, ಕಳೆ ಕಿತ್ತಿದ್ದು ಈ ಕೈ. ನಿಮ್ಮ ಮನ್ಯಾಗೆ ದಿನಾ ಬೇಯೋ ಅಕ್ಕಿ ಐತಲ್ಲ, ಅದರ ಸಸಿ ನೆಟ್ಟಿದ್ದೂ ಈ ಕೈ. ಇಷ್ಟು ವರ್ಷ ತಿಂದ್ರಲ್ಲ, ಅದನ್ನೂ ವಾಂತಿ ಮಾಡ್ರಿ. ಅದನ್ನೂ ಗುಂಡಿಗೆ ಹಾಕ್ರಿ!"

ಕೊಪ್ಪರಿಗೆ ಗೇಟು ದಾಟಿ ಕೇರಿಯ ಪೆಂಡಾಲಿಗೆ ಬಂತು. ಅದನ್ನಿಳಿಸಿ ಅವಳು ನೇರ ಜನರೇಟರಿನ ಹತ್ತಿರ ಹೋದಳು.

"ಆನಂದಣ್ಣ, ಈ ಲೈಟೆಲ್ಲ ಹೇಳಿದೋರ್ಯಾರು?"

"ನೀನೇ ತಾಯಿ."

"ಹಂಗಾರೆ ಆಚೆ ಕಡೀದು ತೆಗೆ. ಲೈಟು ಬಿಚ್ಚಿ ತಂದು ಇಲ್ಲಿ ಎಲಿ ಮ್ಯಾಲೆ ಕಟ್ಟು."

"ಊರ ಹಿರೇರು ಕುಂತಾರೆ ತಾಯಿ..."

"ಕುಂದರ್ಲಿ. ಕತ್ತಲಾಗೆ ಉಣ್ಣದು ಹೆಂಗೆ ಅಂತ ಅವರಿಗೂ ಒಂದಿನ ಗೊತ್ತಾಗ್ಲಿ."

ಆನಂದಪ್ಪ ಬಗ್ಗಿ ವೈರು ಕಿತ್ತ. ಗೋಡೆಯ ಆಚೆಗಿನ ಬಿಳಿ ಟೇಬಲ್ಲು, ಕೆಂಪು ಸಿಂಹಾಸನ, ಗೌಡರ ಜರತಾರಿ ಶಲ್ಯ ಎಲ್ಲ ಒಮ್ಮೆಲೇ ಕತ್ತಲಲ್ಲಿ ಮುಳುಗಿದವು. "ಯಾವನಲೇ ಅವನು? ಲೈಟ್ ಹಾಕಲೇ!" ಎಂದು ಬೈಗುಳ ಕೇಳಿಬಂತು. ಒಂದೆರಡು ಮೊಬೈಲ್ ಟಾರ್ಚು ಹೊತ್ತಿಕೊಂಡವು. ಈಚೆ ಬಿಚ್ಚಿ ತಂದ ದೀಪಗಳು ಒಂದೊಂದಾಗಿ ಹತ್ತಿದಂತೆ ಸಾಲಿಗೆ ಹಾಕಿದ ಬಾಳೆಲೆಯ ನರ ನರವೂ ಕಾಣತೊಡಗಿತು.

ಸುಮಾ ಮೈಕು ತಂದು ಅತ್ತೆಯ ಕೈಗಿಟ್ಟಳು. ಗುತ್ಯಮ್ಮನಿಗೆ ಮೈಕು ಹಿಡಿದು ಗೊತ್ತಿಲ್ಲ. ಸೌಟಿನ ಹಾಗೆ ಹಿಡಿದಳು.

"ನಮ್ಮನೆ ಮದ್ವಿಗೆ ಬಂದೋರಿಗೆಲ್ಲ ಕೇಳ್ರಿ. ಅಡಿಗಿ ಒಂದೇ. ಪೆಂಡಾಲು ಒಂದೇ. ಇದು ನಾನು ಕೈಯಾಡಿಸಿದ ಹುಗ್ಗಿ, ತಳ ಹತ್ತಿಲ್ಲ, ಚಲೋ ಐತೆ. ಪರಮಶಿವಪ್ಪ ಗೌಡ್ರೆ, ಮೊದಲ್ನೇ ಎಲಿ ನಿಮಗೇ ಹಾಕೀನಿ. ಬರ್ರಿ."

ಮಾತು ಗೋಡೆ ದಾಟಿ, ಬಯಲು ದಾಟಿ ಊರ ಕಡೆಗೂ ಹೋಯಿತು. ಗುತ್ಯಮ್ಮ ಸಾಲಿನ ತುದಿಯ ಎಲೆಗೆ ಹುಗ್ಗಿ ಬಡಿಸಿ ಮೇಲೆ ತುಪ್ಪ ಹಾಕಿದಳು. ಎಲೆಯ ಮುಂದೆ ಯಾರೂ ಇರಲಿಲ್ಲ.

ರಂಗಪ್ಪ ಗೇಟಿನಲ್ಲಿ ನಿಂತಿದ್ದ. ಆ ಕಡೆ ಕತ್ತಲು, ಈ ಕಡೆ ಹೆಂಡತಿ. ಕಣ್ಣಲ್ಲಿ ನೀರಿತ್ತು, ಹೊಲ ಹೋಯಿತೆಂದು ಅವನಿಗೆ ಗೊತ್ತಿತ್ತು. ಕಂಕುಳಿನ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದು, ಗೌಡರ ಎಲೆಯ ಪಕ್ಕದ ಎಲೆಗೆ ಚಕ್ಕಳಮಕ್ಕಳ ಹಾಕಿ ಕೂತ.

"ಬಡಿಸೇ," ಎಂದ. "ಜಾಸ್ತಿ ಹಾಕು."

ಗೋಡೆಯ ಆಚೆ ಕತ್ತಲಲ್ಲಿ ಭಾರದ ಕುರ್ಚಿ ಎಳೆದ ಸದ್ದಾಯಿತು. ಯಾರೋ ಗೇಟಿನ ಕಡೆ ನಡೆದು ಬರುತ್ತಿದ್ದರು. ಉಣ್ಣಲು ಬರುತ್ತಿದ್ದಾರೋ ಹೊಡೆಯಲು ಬರುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಗುತ್ಯಮ್ಮ ಆ ಕಡೆ ತಿರುಗಲಿಲ್ಲ. ಗಂಡನ ಎಲೆಗೆ ಒಂದು ಸೌಟು ಹಾಕಿ, ಇನ್ನೊಂದಕ್ಕೆ ಕೊಪ್ಪರಿಗೆಗೆ ಕೈ ಇಳಿಸಿದಳು.