ಚಕ್ಕುಬಂದಿ ಬಲ್ಲ ಪುಟ್ಟಮಲ್ಲಮ್ಮ

ಪುಟ್ಟಮಲ್ಲಮ್ಮ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು "ಇದು ಗುಂಡ್ಲುಪೇಟೆಗೆ ಓಯ್ತದೆ" ಎಂದು ಹೇಳಿ ಸುಮ್ಮನಾಗುವಳು. ತಪ್ಪಿದ್ದರೆ ಕಂಡಕ್ಟರನೇ ತಿದ್ದಬೇಕು. ಹತ್ತೊಂಬತ್ತು ವರ್ಷಗಳ ದಾಂಪತ್ಯದಲ್ಲಿ ಹೊಲದ ಅರಿಶಿನ ಎಷ್ಟಕ್ಕೆ ಮಾರಿಹೋಯಿತು, ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಯಾವುದು ಎಂದು ಅವಳು ಬಾಯಿ ತೆರೆದಾಗಲೆಲ್ಲ ಗಂಡ ಚಿಕ್ಕಬಸವಯ್ಯ "ನಿಂಗ್ಯಾಕಮ್ಮಿ ಅದೆಲ್ಲ" ಎಂದು ಟವೆಲು ಕೊಡವಿ ಎದ್ದುಹೋಗುತ್ತಿದ್ದ. ಪ್ರಶ್ನೆಯೆಂಬುದೇ ಅವಳ ನಾಲಗೆಯಿಂದ ಕಳಚಿಬಿದ್ದಿತ್ತು.

ಅಂಥವಳು ಎರಡು ಸಾವಿರದ ಐದರಲ್ಲಿ ಚಾಮರಾಜನಗರದ ಕೋರ್ಟಿನ ಮೆಟ್ಟಿಲೇರಬೇಕಾಯಿತು. ವಿಚ್ಛೇದನ ಕೋರಿದವನು ಚಿಕ್ಕಬಸವಯ್ಯನೇ. ಹರವೆಯ ತವರು ಸೇರಿದ್ದ ಅವಳು ಜೀವನಾಂಶ ಬೇಡಿದಾಗ, ತನಗೆ ಅಂಗೈಯಗಲ ಭೂಮಿಯೂ ಇಲ್ಲ, ಗುಂಡ್ಲುಪೇಟೆಯ ಮಂಡಿಯೊಂದರಲ್ಲಿ ಮೂಟೆ ತೂಗಿ ಹೊಟ್ಟೆ ಹೊರೆಯುತ್ತೇನೆಂದು ಪ್ರಮಾಣಪತ್ರ ಸಲ್ಲಿಸಿದ. ವಕೀಲೆ ಫಖ್ರುನ್ನೀಸಾ ಅದನ್ನು ಓದಿ ಹೇಳುತ್ತಿದ್ದಷ್ಟು ಹೊತ್ತೂ ಪುಟ್ಟಮಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

"ಹೊಲ ಅದೆ," ಎಂದಳು ಕೊನೆಗೆ. "ನಾಲ್ಕೆಕ್ರೆ. ನಾನೇ ಕಳೆ ಕಿತ್ತಿವ್ನಿ."

"ಸರ್ವೆ ನಂಬರ್ ಬೇಕಲ್ಲಮ್ಮ. ಇಲ್ದಿದ್ರೆ ಪಹಣಿ ಹೇಗೆ ತೆಗೆಸೋದು?"

ನಂಬರು ಅವಳಿಗೆ ಗೊತ್ತಿರಲಿಲ್ಲ. ಮರುದಿನವೇ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಹೋದಳು. ಪಹಣಿ ಕೊಡುವ ಕಿಟಕಿಯವನು ನಂಬರಿಲ್ಲವೆಂದು ತಿಳಿದು ಸಾಲಿನಲ್ಲಿ ಹಿಂದಿದ್ದವರನ್ನು ಕರೆದ. ಅವಳು ಕದಲಲಿಲ್ಲ.

"ಮೂಡ್ಲಾಗಿ ಮಲ್ಲಾಜಮ್ಮನ ಹೊಲ, ಪಡುವ್ಲಾಗಿ ಹಳ್ಳ, ಬಡಗ್ಲಾಗಿ ರಂಗನಾಯಕನ ಬಾಳೆತೋಟ, ತೆಂಕ್ಲಾಗಿ ಗಾಡಿದಾರಿ."

ಚಕ್ಕುಬಂದಿಯ ನಾಲ್ಕು ಎಲ್ಲೆಗಳನ್ನೂ ಒಂದೇ ಉಸಿರಿಗೆ ಹೇಳಿದ್ದು ಕೇಳಿ ಒಳಗೆ ಕುಳಿತಿದ್ದ ಅವಳ ಗಂಡನೂರಿನ ಗ್ರಾಮಲೆಕ್ಕಿಗ ತಲೆಯೆತ್ತಿದ. ಮಲ್ಲಾಜಮ್ಮನ ಹೊಲದ ನಂಬರು ಹಿಡಿದು ನಕ್ಷೆಯ ಮೇಲೆ ಬೆರಳಾಡಿಸಿ ಪಕ್ಕದ ನಂಬರು ಹೇಳಿದ. ಪಹಣಿ ಬಂತು. ಅದರಲ್ಲಿದ್ದುದು ಚಿಕ್ಕಬಸವಯ್ಯನ ತಮ್ಮನ ಹೆಸರೆಂದು ಗ್ರಾಮಲೆಕ್ಕಿಗನೇ ಓದಿ ಹೇಳಿದ.

ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ ಸುದ್ದಿ ಗಂಡನಿಗೆ ಮುಟ್ಟಿತ್ತು. ದಾರಿಗಡ್ಡವಾಗಿ ನಿಂತು ಕೈಚಾಚಿದ.

"ಆ ಕಾಗ್ದ ಇತ್ತ ಕೊಡಮ್ಮಿ," ಎಂದ, ಬಲು ಮೆತ್ತಗೆ. "ಓದಕ್ಕೂ ಬರಲ್ಲ ನಿಂಗೆ. ನಾಕ್ ಜನದ್ ಮುಂದೆ ಮರ್ವಾದಿ ಯಾಕ್ ಕಳೀತೀಯ?"

ಬಸ್ಸು ಇನ್ನೂ ಬಂದಿರಲಿಲ್ಲ. ಸುತ್ತಲಿನವರು ಬೇರೆತ್ತಲೋ ನೋಡುತ್ತಿದ್ದರು. ಅವಳು ಪಹಣಿಯನ್ನು ನಾಲ್ಕಾಗಿ ಮಡಿಚಿ ಕುಪ್ಪಸದೊಳಗೆ ಸೇರಿಸಿಕೊಂಡಳು.

"ನಿಂಗ್ಯಾಕದೆಲ್ಲ," ಎಂದಳು.

ಚಾಚಿದ ಕೈ ಕೆಳಗಿಳಿಯಿತು. ಆಮೇಲೆ ಅವನು ಸರಿದು ದಾರಿ ಬಿಟ್ಟ.

ಅವಳು ಜೀವನಾಂಶದ ಅರ್ಜಿ ಹಾಕಿದ ಹದಿನೇಳನೆಯ ದಿನ ಹೊಲ ಗಂಡನ ಹೆಸರಿನಿಂದ ಅವನ ತಮ್ಮನಿಗೆ ದಾನವಾಗಿತ್ತೆಂಬುದನ್ನು ಫಖ್ರುನ್ನೀಸಾ ನೋಂದಣಿ ಕಚೇರಿಯ ನಕಲು ತಂದು ಸಾಬೀತುಪಡಿಸಿದರು. ಕೋರ್ಟು ಆ ದಾನವನ್ನು ನಂಬಲಿಲ್ಲ. ವಿಚ್ಛೇದನವೇನೋ ಆಯಿತು; ತಿಂಗಳ ಜೀವನಾಂಶಕ್ಕೆ ಹೊಲವನ್ನೇ ಹೊಣೆ ಮಾಡಿ ತೀರ್ಪು ಬಂತು. ಮಂಡಿಯಲ್ಲಿ ಅವನ ಪಾಲೆಷ್ಟು, ಬ್ಯಾಂಕಿನಲ್ಲಿ ಇಟ್ಟದ್ದೆಷ್ಟು ಎಂಬುದು ಮಾತ್ರ ಅವಳಿಗೆ ಇಂದಿಗೂ ತಿಳಿಯದು.

ಯಾವ ದಸ್ತಾವೇಜಿನಲ್ಲೂ ಹೆಸರಿಲ್ಲದೆ ದುಡಿಯುವ ಹೆಂಗಸರು ನಮ್ಮ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ಅವರಿಗೆ ಏನೂ ತಿಳಿಯದೆಂಬ ಭರವಸೆಯ ಮೇಲೆ ಎಷ್ಟೋ ಗಂಡಸರ ನೆಮ್ಮದಿ ನಿಂತಿದೆ. ಆದರೆ ವರ್ಷಾನುಗಟ್ಟಲೆ ಬೆನ್ನು ಬಗ್ಗಿಸಿದವರ ಮೈಗೆ ಬದುವಿನ ಒಂದೊಂದು ತಿರುವೂ ಗೊತ್ತಿರುತ್ತದೆ, ಆ ತಿಳಿವನ್ನು ಯಾರ ಹೆಸರಿಗೂ ಬರೆದುಕೊಡಲಾಗುವುದಿಲ್ಲ.