ಎಂಟನೇ ನಂಬರಿನ ಬಲಗೈ

ಏನು ಕೆಲಸ ಎಂದು ಹೊಸಬರು ಕೇಳಿದರೆ ‘ಕೈ ಮಾಡ್ತೀನಿ’ ಎನ್ನುತ್ತೇನೆ. ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಬಿಡಿಸಿ ಹೇಳಬೇಕಾಗುತ್ತದೆ. ನಾನು ಹೊಡೆಯುವವನಲ್ಲ, ಯಂತ್ರಕ್ಕೋ ಅಪಘಾತಕ್ಕೋ ಕೈ ಕಳೆದುಕೊಂಡವರಿಗೆ ಕೃತಕ ಕೈ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಒಳಗೆ ಸ್ಪಂಜು ಮತ್ತು ತಂತಿ, ಮೇಲೆ ರಬ್ಬರಿನಂಥ ಸಿಲಿಕೋನಿನ ಕವಚ. ಆ ಕವಚಕ್ಕೆ ನಾವು ತೊಗಲು ಅನ್ನುತ್ತೇವೆ. ಅದರ ಮೇಲೆ ಉಗುರು, ನರ, ಗೆಣ್ಣಿನ ಸುಕ್ಕು ಎಲ್ಲ ಇರಬೇಕು. ಅಂಗೈಯ ಗೆರೆಗಳು ನನ್ನ ಪಾಲಿನ ಕೆಲಸ.

ಈ ಗೆರೆಗಳು ಎಲ್ಲಿಂದ ಬರುತ್ತವೆ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಅಳತೆಗೂ ಒಬ್ಬೊಬ್ಬ ಮನುಷ್ಯನ ಕೈಯಿಂದ ಅಚ್ಚು ತೆಗೆದಿಟ್ಟಿದ್ದೇವೆ. ಅಚ್ಚಿಗೆ ಮೇಣ ಸುರಿದರೆ ಮೇಣದ ಕೈ ಸಿಗುತ್ತದೆ. ಅದರ ಗೆರೆಗಳನ್ನು ಸೂಜಿಯಂಥ ಉಳಿಯಿಂದ ತೀಡಿ ನಾನು ಆಳ ಮಾಡುತ್ತೇನೆ, ಆಮೇಲೆ ಅದರಿಂದ ತೊಗಲು ತಯಾರಾಗುತ್ತದೆ. ಎಂಟನೇ ನಂಬರಿನ ಬಲಗೈ ನಮ್ಮ ಪ್ಯಾಕಿಂಗಿನವನದು. ಅವನು ದಿನವಿಡೀ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ, ಆದರೆ ಕೈ ನೋಡಿದರೆ ಯಾವುದೋ ದೊಡ್ಡ ಅಧಿಕಾರಿಯ ಕೈಯಂತೆ ಇತ್ತು. ಆ ಅಂಗೈಯನ್ನು ಇವತ್ತು ನಲವತ್ತಕ್ಕೂ ಹೆಚ್ಚು ಗಂಡಸರು ತೊಟ್ಟುಕೊಂಡು ಓಡಾಡುತ್ತಿದ್ದಾರೆ. ನಮ್ಮ ಭಾವ ಅವರಲ್ಲಿ ಒಬ್ಬರು.

ಭಾವ ಪುಸ್ತಕಕ್ಕೆ ರಟ್ಟು ಕಟ್ಟುವವರು. ಹನ್ನೊಂದು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರ ಅವರ ಬಲಗೈಯನ್ನು ಮಣಿಕಟ್ಟಿನ ಹತ್ತಿರ ತೆಗೆದುಕೊಂಡಿತು. ಮೂರೇ ತಿಂಗಳಿಗೆ ಅದೇ ಯಂತ್ರದ ಮುಂದೆ ಬಂದು ನಿಂತು, ಎಡಗೈಯಲ್ಲಿ ಗೋಂದು ಹಚ್ಚುವುದನ್ನು ಕಲಿತರು. ಅಂಥ ಗಂಡೆದೆಯ ಮನುಷ್ಯ ಎಂದು ನಾನು ಹತ್ತು ಕಡೆ ಹೇಳಿಕೊಂಡು ತಿರುಗಿದ್ದೇನೆ. ಈ ವರ್ಷ ಡಾಕ್ಟರು ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದು ಗುರುವಾರವೊಂದನ್ನು ಗೊತ್ತು ಮಾಡಿದರು. ಗಂಡೆದೆ ಡಾಕ್ಟರಿಗೆ ತಲೆಯಾಡಿಸಿ, ಮನೆಯಲ್ಲಿ ಯಾರಿಗೂ ಹೇಳದೆ, ಸೀದಾ ಕೈ ನೋಡುವವನ ಹತ್ತಿರ ಹೋಯಿತು.

ವಿಷಯ ನನಗೆ ತಿಳಿದದ್ದು ಅಕ್ಕನ ಫೋನಿನಿಂದ.

“ಆಪರೇಷನ್ ಬೇಡವಂತೆ ಕಣೋ. ಕೈಯಲ್ಲಿ ಎಂಬತ್ತಾರು ವರ್ಷ ಆಯಸ್ಸು ಬರೆದಿದೆಯಂತೆ.”

“ಯಾವ ಕೈಯಲ್ಲಿ?”

“ಬಲಗೈಯಲ್ಲಿ.”

ನಾನು ಉಳಿ ಕೆಳಗಿಟ್ಟೆ. “ಅಕ್ಕಾ, ಬಲಗೈ ನಾನು ಮಾಡಿದ್ದು.”

“ಗೊತ್ತು ಕಣೋ. ಅದಕ್ಕೇ ನಿನಗೆ ಫೋನ್ ಮಾಡಿದ್ದು.”

ಅವತ್ತೇ ಸಂಜೆ ಭಾವನ ಅಂಗಡಿಗೆ ಹೋದೆ. ಅವರು ರಬ್ಬರ್ ಕೈಯನ್ನು ಒಂದು ದಪ್ಪ ಪುಸ್ತಕದ ಮೇಲೆ ಭಾರಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದರು.

“ಎಡಗೈ ಚಾಚಿದೆ ಕಣಯ್ಯಾ. ಗಂಡಸರಿಗೆ ಬಲಗೈನೇ ನೋಡೋದು ಅಂದ್ರು. ಬಲಗೈ ಕೊಟ್ಟೆ.”

“ರಬ್ಬರ್ ಅಂತ ಹೇಳಿದ್ರಾ?”

“ಅವರು ಕೇಳಲಿಲ್ಲ.”

ಹತ್ತು ನಿಮಿಷ ಆ ಮಹಾಶಯ ರಬ್ಬರನ್ನು ಓದಿದ್ದಾನೆ. ಬಾಲ್ಯದ ಕಷ್ಟ, ಬಂಧುಗಳ ಹೊಟ್ಟೆಕಿಚ್ಚು, ಎಂಬತ್ತಾರರ ಆಯಸ್ಸು, ಮೈಗೆ ಕತ್ತಿ ತಾಗುವ ಯೋಗವೇ ಇಲ್ಲ ಎಂಬ ಭರವಸೆ, ಎಲ್ಲ ಹೇಳಿ ಮುಗಿಸಿದ ಮೇಲೆ ಹೆಬ್ಬೆರಳಿನ ಬುಡ ಒತ್ತಿದ್ದಾನೆ. ಅದು ಸ್ಪಂಜಿನಂತೆ ಒಳಗೆ ಹೋಗಿ ವಾಪಸ್ಸು ಬಂದಿದೆ. ಕೈಯನ್ನೇ ಕತ್ತಿಗೆ ಕೊಟ್ಟು ಕೂತವನಿಗೆ ಕತ್ತಿಯ ಯೋಗವಿಲ್ಲ ಎಂದವನು ಅಲ್ಲಿಗಾದರೂ ನಾಚಿಕೊಳ್ಳಬೇಕಲ್ಲ? ಅವನು ಅಂಥ ಆಸಾಮಿಯಲ್ಲ.

“ಹನ್ನೊಂದು ವರ್ಷದಿಂದ ಹಾಕ್ಕೊಂಡಿದೀರಿ, ದೇಹ ಒಪ್ಪಿಕೊಂಡುಬಿಟ್ಟಿದೆ ಅಂದ್ರು,” ಎಂದರು ಭಾವ. “ಅಷ್ಟೊಂದು ಕೈ ಇರೋ ಕಡೆ ಇದೇ ಕೈ ನಿಮಗೆ ಯಾಕೆ ಬಂತು, ಅದೇ ಹಣೆಬರಹ ಅಂದ್ರು.”

“ಭಾವ, ಅದು ಹಣೆಬರಹ ಅಲ್ಲ. ಎಂಟನೇ ನಂಬರು.”

“ನಿನಗೆ ಎಲ್ಲಾ ತಮಾಷೆ,” ಎಂದು ಅವರು ಗೋಂದಿನ ಕುಂಚ ಅದ್ದಿದರು.

ಗುರುವಾರಕ್ಕೆ ಇನ್ನು ಹನ್ನೆರಡು ದಿನ ಇತ್ತು. ಅದು ತಪ್ಪಿದರೆ ಮುಂದಿನ ದಿನ ಸಿಗುವುದು ಎರಡು ತಿಂಗಳಿಗೆ, ಅಲ್ಲಿಯವರೆಗೆ ಈ ಹೃದಯ ಕಾಯುತ್ತದೆಂದು ನಾನು ಹೇಳಲಾರೆ ಎಂದು ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಮರುದಿನ ಕಾರ್ಖಾನೆಯಿಂದ ಎಂಟನೇ ನಂಬರಿನ ಒಂದು ಖಾಲಿ ತೊಗಲು ಎತ್ತಿಕೊಂಡೆ. ನನ್ನದು ಏಳನೇ ನಂಬರಿನ ಕೈ, ಹಾಗಾಗಿ ಗ್ಲೌಸಿನಂತೆ ಸಲೀಸಾಗಿ ಒಳಗೆ ಹೋಯಿತು. ಉದ್ದ ತೋಳಿನ ಅಂಗಿ ತೊಟ್ಟು, ನನ್ನ ಭವಿಷ್ಯ ನೋಡಿಸಬೇಕು ಎಂದು ಭಾವನನ್ನೇ ಕರೆದುಕೊಂಡು ಹೊರಟೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ದಾರಿಯುದ್ದಕ್ಕೂ ನನ್ನನ್ನು ಹೊಗಳಿದರು.

ಟೈರು ಅಂಗಡಿಯ ಮೇಲಿನ ಕೋಣೆ. ‘ಹಸ್ತ, ಕಾರ್ಡು, ಮನಸ್ಸು ಮೂರನ್ನೂ ಓದಲಾಗುವುದು’ ಎಂದು ಬೋರ್ಡು. ಕಿಟಕಿಗಳಿಗೆಲ್ಲ ದಪ್ಪ ಪರದೆ, ಒಂದೇ ಒಂದು ಕೆಂಪು ಬಲ್ಬು. ಮೇಜಿನ ಮೇಲೆ ಚಿತ್ರದ ಕಾರ್ಡುಗಳ ಕಟ್ಟು. ಬಳಸಿ ಬಳಸಿ ಮೂಲೆಗಳು ಒಂದೊಂದು ಥರ ಸವೆದು ಹೋಗಿದ್ದರಿಂದ ಯಾವುದು ಯಾವ ಕಾರ್ಡೆಂದು ಮಗುಚದೆಯೇ ಗುರುತು ಹಿಡಿಯಬಹುದಿತ್ತು. ಓದುವವನು ಊಟದ ತಟ್ಟೆಯಷ್ಟು ದೊಡ್ಡ ಭೂತಗನ್ನಡಿ ಹಿಡಿದು ಕೂತಿದ್ದ. ಅವನಿಗೆ ನಾನು ಅಲ್ಲೇ ‘ಭೂತಗನ್ನಡಿ’ ಎಂದು ಹೆಸರಿಟ್ಟೆ.

ಒಂದು ಸಲ ರಬ್ಬರಿಗೆ ಮುಗ್ಗರಿಸಿದವನು ಎರಡನೇ ಸಲ ಹುಷಾರಾಗಿರುತ್ತಾನೆ ಎಂದುಕೊಂಡಿದ್ದೆ. ಅವನು ಜಾಣನೇ, ಮೊದಲು ಹೆಬ್ಬೆರಳಿನ ಬುಡ ಒತ್ತಿ ನೋಡಿದ. ಒಳಗೆ ನನ್ನದೇ ಮಾಂಸ ಇತ್ತಲ್ಲ, ಗಟ್ಟಿಯಾಗಿ ಬೆಚ್ಚಗೆ ಸಿಕ್ಕಿತು. ನಿಶ್ಚಿಂತೆಯಿಂದ ಶುರು ಮಾಡಿದ.

“ನಿಮ್ಮದು ಕಷ್ಟದ ಕೈ. ಹತ್ತಿರದವರಿಂದಲೇ ಮೋಸ. ಮಾತು ಒರಟು, ಮನಸ್ಸು ಹೂವು. ಆಯಸ್ಸು ಮಾತ್ರ...” ಎಂದು ನಿಟ್ಟುಸಿರು ಬಿಟ್ಟ. “ಅರವತ್ತೆರಡು. ಹೆಚ್ಚೆಂದರೆ ಅರವತ್ತಮೂರು.”

ನಾನು ತೋಳು ಮಡಚಿ, ತೊಗಲನ್ನು ಬೆರಳುಗಳಿಂದ ಸುಲಿದು ತೆಗೆದು, ಮೇಜಿನ ಮೇಲೆ ಭಾವನ ಕೈ ಪಕ್ಕ ಇಟ್ಟೆ. ಒಂದೇ ಅಂಗೈ, ಎರಡು ಪ್ರತಿ.

“ನೋಡಿ ಸ್ವಾಮಿ. ಇದೇ ಗೆರೆಗೆ ಅವರಿಗೆ ಎಂಬತ್ತಾರು ಕೊಟ್ಟಿದ್ದೀರಿ. ನನಗೆ ಮಾತ್ರ ಯಾಕೆ ಇಪ್ಪತ್ತನಾಲ್ಕು ವರ್ಷ ಕಡಿಮೆ?”

ಭೂತಗನ್ನಡಿ ಒಂದು ಕ್ಷಣ ಎರಡನ್ನೂ ನೋಡಿದ. ಬೆವರಲಿಲ್ಲ, ತೊದಲಲಿಲ್ಲ. “ಗೆರೆ ಒಂದೇ ಇರಬಹುದು, ತೊಟ್ಟವರು ಬೇರೆ ಅಲ್ವಾ? ಒಂದೇ ಅಂಗಿ ಇಬ್ಬರು ಹಾಕ್ಕೊಂಡರೆ ಒಂದೇ ಆಯಸ್ಸು ಆಗಿಬಿಡುತ್ತಾ?”

“ಹೌದಲ್ವಾ,” ಎಂದರು ಭಾವ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಮೆಟ್ಟಿಲಿಳಿಯುವಾಗ ಕೋಪ ನೆತ್ತಿಗೇರಿ, ಹೇಳಬಾರದೆಂದು ಹನ್ನೊಂದು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ.

“ಭಾವ, ನಿಮ್ಮ ಕೈ ಯಾರದು ಗೊತ್ತಾ? ನಮ್ಮ ಪ್ಯಾಕಿಂಗಿನವನದು. ಎಂಬತ್ತಾರು ಬರೆದಿದೆ ಅಂದರಲ್ಲ, ಅವನು ನಲವತ್ತೊಂದಕ್ಕೆ ಹೋದ. ಹೃದಯ ನಿಂತು ಹೋದ. ಟೇಪಿನ ಸುರುಳಿ ಕೈಯಲ್ಲೇ ಇತ್ತು.”

ಭಾವ ಅಲ್ಲೇ ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅಬ್ಬಾ, ಅಂತೂ ತಲೆಗೆ ಹೋಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಎರಡು ದಿನ ಬಿಟ್ಟು ಅಕ್ಕ ಕಾರ್ಖಾನೆಗೇ ಬಂದಳು. ಕೈಯಲ್ಲೊಂದು ಬಟ್ಟೆಯ ಚೀಲ.

“ನಿನ್ನ ಭಾವನಿಗೆ ಏನು ಹೇಳಿದೆಯೋ? ಕೈ ಬಿಚ್ಚಿ ಬೀರುವಿನಲ್ಲಿ ಹಾಕಿ ಬೀಗ ಹಾಕಿದಾರೆ. ಊಟ ಬಿಟ್ಟಿದಾರೆ. ಕೈ ಕೊಟ್ಟವನು ಹೃದಯದಿಂದ ಹೋದ, ನಾನೂ ಹಾಗೇ ಹೋಗ್ತೀನಿ, ಕತ್ತಿ ಇಟ್ಟರೆ ಟೇಬಲ್ ಮೇಲೇ ಹೋಗ್ತೀನಿ ಅಂತ ಒಂದೇ ಹಠ.”

“ಅಕ್ಕಾ, ನಾನು ಹೇಳಿದ್ದು ಗೆರೆಗೂ ಆಯಸ್ಸಿಗೂ ಸಂಬಂಧ ಇಲ್ಲ ಅಂತ!”

“ನೀನು ಹೇಳಿದ್ದು ಬಿಡು. ಅವರು ಕೇಳಿಸಿಕೊಂಡಿದ್ದು ಇದು.” ಬೀರುವಿನ ಇನ್ನೊಂದು ಕೀಲಿ ಅವಳ ಹತ್ತಿರ ಇತ್ತು; ಚೀಲದಿಂದ ಕೈ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಗೋಂದಿನ ಕಲೆಯಿಂದ ತೊಗಲು ಹಳದಿಯಾಗಿತ್ತು. ಎರಡು ವರ್ಷಕ್ಕೊಮ್ಮೆ ಹೊಸದು ಹಾಕಬೇಕು, ಅದರ ಸಮಯವೂ ಬಂದಿತ್ತು. “ಅವರಿಗೆ ಬುದ್ಧಿ ಹೇಳೋದು ನಿನ್ನಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಇನ್ನು ಒಂಬತ್ತು ದಿನ ಇದೆ. ಗೆರೆ ಕೊರೆಯೋಕೆ ಬರುತ್ತಲ್ಲ ನಿನಗೆ? ಕೊರೆ.”

“ಏನಂತ?”

“ಮಧ್ಯದಲ್ಲಿ ಕತ್ತರಿಸಿರಲಿ. ಆಮೇಲೆ ಕೂಡಿಕೊಂಡಿರಲಿ.”

ಅಂಗೈಗೆ ಗೆರೆ ಹೇಳಿ ಮಾಡಿಸಿಕೊಳ್ಳುವ ಗಿರಾಕಿಗಳು ನನಗೆ ಹೊಸಬರಲ್ಲ. ಹಣದ ಗೆರೆ ಮೊಂಡಾಗಿದೆ, ಸ್ವಲ್ಪ ಎಳೆದುಕೊಡಿ ಎಂದು ಒಬ್ಬ ವಕೀಲ ಎರಡು ಸಲ ಕೈ ವಾಪಸ್ಸು ತಂದಿದ್ದ. ಅವನಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದ್ದೆ. ಅಕ್ಕನಿಗೆ ಬೈಯಲಾದೀತೇ? ಚಿಕ್ಕಂದಿನಿಂದ ಅವಳು ಹೇಳಿದ್ದನ್ನು ಮಾಡಿಯೇ ಅಭ್ಯಾಸ.

ಎಂಟನೇ ನಂಬರಿನ ಅಚ್ಚಿಗೆ ಮೇಣ ಸುರಿದೆ. ಆರಿದ ಮೇಲೆ ಬಿಸಿ ಮೇಣ ತುಂಬಿ ಪ್ಯಾಕಿಂಗಿನವನ ಆಯುಷ್ಯರೇಖೆಯನ್ನು ಅಳಿಸಿದೆ. ಅಳಿಸುವಾಗ ಸಂಕಟವಾಯಿತು, ಅವನು ಒಳ್ಳೆಯವನು, ಚಹಾ ಕುಡಿಯುವಾಗ ನನ್ನ ಪಕ್ಕ ಬಂದು ಕೂರುತ್ತಿದ್ದ. ಆಮೇಲೆ ಹೊಸ ಗೆರೆ ತೆಗೆದೆ. ಹೆಬ್ಬೆರಳಿನ ಸುತ್ತ ಅರ್ಧ ದಾರಿ, ಅಲ್ಲೊಂದು ಅಡ್ಡಗೀಟು, ಅದು ದಾಟಿದ ಮೇಲೆ ಮೊದಲಿಗಿಂತ ಆಳವಾಗಿ ಮುಂದಕ್ಕೆ.

ಅಕ್ಕ ಭಾವನನ್ನೂ ಹೊಸ ತೊಗಲು ಹಾಕಿದ ಕೈಯನ್ನೂ ಭೂತಗನ್ನಡಿಯ ಮುಂದೆ ಕೂರಿಸಿದಳು. ಗುರುವಾರ ಆಪರೇಷನ್ ಇದೆ ಎಂದು ಅವನಿಗೆ ಮೊದಲೇ ಹೇಳಿದ್ದಳು. ಆ ಮಹಾನುಭಾವ ಅಡ್ಡಗೀಟಿನ ಮೇಲೆ ಗಾಜು ಹಿಡಿದು ಬೆಚ್ಚಿಬಿದ್ದನಂತೆ. ಕತ್ತಿ ಕಾಣುತ್ತಿದೆ, ಕತ್ತಿಯಿಂದಲೇ ಉಳಿವು, ಗುರುವಾರವೇ ಪ್ರಶಸ್ತ ಎಂದನಂತೆ. ಕತ್ತಿಯ ಯೋಗವೇ ಇಲ್ಲ ಎಂದು ಹಿಂದಿನ ವಾರ ಹೇಳಿದ್ದು ಯಾರೋ ಬೇರೆಯವರಿರಬೇಕು.

ಭಾವ ನನ್ನ ಮುಂದೆ ಹೊಸ ಅಂಗೈ ಚಾಚಿ ಮೆರೆದಾಗ ನನಗೆ ತಡೆಯಲಾಗಲಿಲ್ಲ. “ಅದನ್ನ ಕೊರೆದವನು ನಾನು ಅಂತ ಗೊತ್ತಲ್ಲ ಭಾವ?”

“ಗೊತ್ತಯ್ಯಾ. ನಿನ್ನ ಕೈಲಿ ಕೊರೆಸಿದ್ದು ಯಾರು ಅಂತ ಯೋಚನೆ ಮಾಡು,” ಎಂದು ಅವರು ರಬ್ಬರ್ ಬೆರಳನ್ನು ಆಕಾಶದತ್ತ ಎತ್ತಿದರು.

ಕೊರೆಸಿದವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಭಾವನನ್ನು ಒಳಗೆ ಕರೆದೊಯ್ದರು. ನರ್ಸು ಬಂದು ಕನ್ನಡಕ, ವಾಚು, ಕೈ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಕ್ಕನಿಗೆ ಕೊಟ್ಟಳು. ಅಕ್ಕ ಕನ್ನಡಕ, ವಾಚನ್ನು ಪರ್ಸಿಗೆ ಹಾಕಿಕೊಂಡು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೊದಲ ಗಂಟೆ ಸುಮ್ಮನೆ ಇಟ್ಟುಕೊಂಡಿದ್ದಳು. ಎರಡನೆಯ ಗಂಟೆಗೆ ಅದರ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿ ಹಿಡಿದಿದ್ದಳು. ನನಗೆ ಎದುರಿನ ಗೋಡೆಯ ಗಡಿಯಾರ ನೋಡುವ ಧೈರ್ಯವಿರಲಿಲ್ಲ, ಅವಳನ್ನು ನೋಡುವ ಧೈರ್ಯ ಮೊದಲೇ ಇರಲಿಲ್ಲ. ಭಯವಾಗಿತ್ತು. ಹನ್ನೊಂದು ವರ್ಷ ನಾನು ತಮಾಷೆ ಮಾಡಿಕೊಂಡು ಬಂದ ಮನುಷ್ಯ ಇಲ್ಲವಾದರೆ ಯಾರ ಜೊತೆ ಜಗಳವಾಡಲಿ ಎಂದು ಯೋಚಿಸುತ್ತಿದ್ದೆ.

“ಬೆಚ್ಚಗಾಗಿದೆ ನೋಡು,” ಎಂದಳು ಅಕ್ಕ. ಆಮೇಲೆ ಕೈಯನ್ನು ಮಗುಚಿ ಬೆಳಕಿಗೆ ಹಿಡಿದಳು. “ಇದೇನೋ ಇದು?”

“ಯಾವುದು?”

“ಈ ಗೆರೆ. ಹೆಬ್ಬೆರಳು ಸುತ್ತಿ ಮಣಿಕಟ್ಟಿನಲ್ಲಿ ನಿಲ್ಲಬೇಕಲ್ವಾ? ಇದು ಮೇಲಕ್ಕೆ ಹೋಗಿದೆ. ಅಂಗಿ ತೋಳಿನೊಳಗೆ ಹೋಗುತ್ತಲ್ಲ, ಅಲ್ಲಿವರೆಗೂ ಇದೆ.”

“ಉಳಿ ಜಾರಿತು.”

ಅಕ್ಕ ಗೆರೆಯ ಮೇಲೆ ಬೆರಳಾಡಿಸಿದಳು. ಅಡ್ಡಗೀಟು ದಾಟಿ, ಮಣಿಕಟ್ಟು ದಾಟಿ, ತೊಗಲಿನ ಅಂಚಿನವರೆಗೆ.

“ಮೂವತ್ತು ವರ್ಷದಲ್ಲಿ ಎಷ್ಟು ಸಲ ಜಾರಿದೆ?”

ನಾನು ನೀರು ತರುತ್ತೇನೆಂದು ಎದ್ದು ಹೋದೆ.

ಐದನೆಯ ಗಂಟೆಗೆ ಡಾಕ್ಟರು ಹೊರಗೆ ಬಂದು ಟೋಪಿ ತೆಗೆದರು, ಎಲ್ಲ ಸರಿಹೋಯಿತು ಎಂದರು. ಅಕ್ಕ ಅತ್ತಳು, ನಾನೂ ಅತ್ತೆ. ಡಾಕ್ಟರ ಅಂಗೈ ನೋಡಿದೆ, ಸಾಬೂನು ಹಚ್ಚಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಆ ಕೈಗಳ ಬಗ್ಗೆ ಭಾವ ಇವತ್ತಿನವರೆಗೆ ಒಂದು ಒಳ್ಳೆಯ ಮಾತು ಆಡಿಲ್ಲ. ಗೆರೆಯಲ್ಲಿ ಇತ್ತು, ಡಾಕ್ಟರು ಹೊಲಿಗೆ ಹಾಕಿದರು, ಅಷ್ಟೇ.

ಭೂತಗನ್ನಡಿ ಈಗ ಭಾವನ ಫೋಟೋವನ್ನು ಗೋಡೆಗೆ ಹಾಕಿಕೊಂಡಿದ್ದಾನೆ. ಮೊನ್ನೆ ಮತ್ತೆ ಕೈ ಅಳೆದು, ಮೊದಲು ತೋಳಿನೊಳಗಿನ ಭಾಗ ಕಣ್ಣಿಗೆ ಬಿದ್ದಿರಲಿಲ್ಲ, ಆಯಸ್ಸು ನೂರಾನಾಲ್ಕು ಎಂದು ತಿದ್ದಿದನಂತೆ. ಕೇಳಿ ಉರಿದುಹೋಯಿತು. ಹೋಗಿ ಮುಖಕ್ಕೆ ಉಗಿದು ಬರೋಣ ಎಂದು ಎರಡು ಸಲ ಟೈರು ಅಂಗಡಿಯವರೆಗೆ ನಡೆದೆ. ಎರಡು ಸಲವೂ ಮೆಟ್ಟಿಲು ಹತ್ತದೆ ವಾಪಸ್ಸು ಬಂದೆ. ಅವನು ಕಣ್ಣಿಗೆ ಕಂಡದ್ದನ್ನು ಓದಿದ, ಅದು ಅವನ ಹೊಟ್ಟೆಪಾಡು. ಅಕ್ಕ ಹೇಳಿದ್ದು ಒಂದು ಅಡ್ಡಗೀಟು ಮಾತ್ರ. ಅದು ಮುಗಿದ ಮೇಲೆ ನಾನು ಎದ್ದು ಕೈ ತೊಳೆದಿದ್ದೆ. ಆಮೇಲೆ ವಾಪಸ್ಸು ಬಂದು, ಬಾಗಿಲ ಚಿಲಕ ಹಾಕಿ, ಯಾರೂ ಕೇಳದಿದ್ದರೂ ಮೇಣದ ಕಡೆಯ ಅಂಚಿನವರೆಗೆ ಗೆರೆ ಎಳೆದವನು ನಾನು.