ಕೂದಲು ತೂರದ ಸಂದಿ

ನಾನು ಬಡಗಿ. ಬಡಗಿಯ ಮನೆಗೆ ಪ್ಲಾಸ್ಟಿಕ್ ಹಲಗೆ ಬರುವುದೆಂದರೆ ಏನರ್ಥ, ನೀವೇ ಹೇಳಿ. ಮಗಳು ಒಂದು ಮಾತೂ ಕೇಳದೆ ತರಿಸಿಬಿಟ್ಟಳು. ಮರದ ಹೊಟ್ಟು, ಪ್ಲಾಸ್ಟಿಕ್ಕು ಎರಡನ್ನೂ ಕಲಸಿ ಮಾಡಿದ ಹಲಗೆಗಳು. ಹುಳ ಹಿಡಿಯುವುದಿಲ್ಲವಂತೆ, ಕೊಳೆಯುವುದಿಲ್ಲವಂತೆ. ಮೂಸಿ ನೋಡಿದೆ, ಉಗುರಿನಿಂದ ಕೆರೆದೆ, ತಟ್ಟಿ ಕಿವಿಗೊಟ್ಟೆ. ನನಗೆ ಗೊತ್ತಿರುವ ಯಾವ ಮರದ ಸದ್ದೂ ಅಲ್ಲ. ಇದರ ಗುಣವೇನಪ್ಪಾ ಎಂಬ ಕುತೂಹಲ ಮಾತ್ರ ಹತ್ತಿಕೊಂಡಿತು.

ಹಲಗೆ ಬಂದದ್ದು ನನ್ನ ಹೆಂಡತಿಗಾಗಿ. ಅವಳು ದರ್ಜಿ. ಬಿದ್ದು ಸೊಂಟ ಮುರಿದುಕೊಂಡು ಏಳು ತಿಂಗಳಿಂದ ಗಾಲಿಕುರ್ಚಿಯಲ್ಲಿದ್ದಾಳೆ. ಅವಳೇ ನೆಟ್ಟ ನಿಂಬೆಗಿಡ ಕೈತೋಟದ ಆ ತುದಿಯಲ್ಲಿದೆ. ನಡುವೆ ಬರೀ ಜಲ್ಲಿ, ಗಾಲಿ ಹೂತುಹೋಗುತ್ತದೆ.

"ಎತ್ಕೊಂಡು ಹೋಗ್ತೀನಿ ಬಾರೇ" ಎಂದರೆ, "ನಾನೇನು ಸಿಮೆಂಟ್ ಮೂಟೇನಾ? ಯಾರೂ ಮುಟ್ಟಬಾರ್ದು, ನಾನೇ ಹೋಗ್ಬೇಕು" ಎನ್ನುತ್ತಾಳೆ.

ಬೆಳಗಿನ ತಂಪಿನಲ್ಲೇ ಕುರ್ಚಿಗೆ ದಾರಿ ಹಾಸಲು ಶುರು ಮಾಡಿದೆ. ಅಡ್ಡಪಟ್ಟಿಗಳ ಮೇಲೆ ಬಾಗಿಲಿನಿಂದ ಗಿಡದ ಕಲ್ಲುಕಟ್ಟೆಯವರೆಗೆ ಉದ್ದುದ್ದ ಹಲಗೆ. ಸಾಲಿಗೆ ಎರಡು, ನಡುವೆ ತುದಿಗೆ ತುದಿ.

ಅವಳು ಬಾಗಿಲಲ್ಲಿ ಕುಳಿತು ಹಲಗೆಯ ಜೊತೆ ಬಂದ ಚೀಟಿ ಓದಿದಳು. "ತುದಿಗಳ ನಡುವೆ ಸಂದಿ ಬಿಡ್ಬೇಕಂತೆ ಕಣ್ರಿ."

"ಬಿಸಿಲಿಗೆ ಮರ ಒಣಗುತ್ತೆ, ಸಂದಿ ತಾನಾಗೇ ಬಿಡುತ್ತೆ. ನಾನು ಬೇರೆ ಬಿಡ್ಬೇಕಾ? ನಲವತ್ತು ವರ್ಷದಲ್ಲಿ ನನ್ನ ಸಂದೀಲಿ ಕೂದಲು ತೂರಿಲ್ಲ, ತಿಳ್ಕೋ!"

"ಇದು ಮರ ಅಂತ ಯಾರು ಹೇಳಿದ್ರು?"

ಸುತ್ತಿಗೆಯಿಂದ ಬಡಿಬಡಿದು ತುದಿಗಳನ್ನು ಬಿಗಿಯಾಗಿ ಕೂರಿಸಿ ತಿರುಪು ಹಾಕಿದೆ. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ನನ್ನತ್ತ ಎಸೆದಳು. "ಉಳಿದಿರೋ ಹಲಗೇನ ಅಂಗಳದಲ್ಲಿಟ್ಟು, ಎರಡೂ ತುದಿಗೆ ಸರಿಯಾಗಿ ನೆಲದ ಮೇಲೆ ಗೆರೆ ಎಳೀರಿ."

"ಯಾಕೇ?"

"ಬಟ್ಟೆ ಕತ್ತರಿಸೋ ಮುಂಚೆ ನೆನೆಸಿ ನೋಡೋಳು ನಾನು. ಇದನ್ನ ಬಿಸಿಲಿಗೆ ಹಾಕಿ ನೋಡೋಣ."

ಕೈ ತೊಳೆದು ಊಟಕ್ಕೆ ಕೂತಿದ್ದೆವು. ಹೊರಗೆ ಟಕ್ಕೆಂದಿತು. ಓಡಿಹೋಗಿ ನೋಡಿದರೆ ನಡುವಿನ ತುದಿಗಳು ಒಂದನ್ನೊಂದು ತಳ್ಳಿ, ತಿರುಪನ್ನೂ ಕಿತ್ತುಕೊಂಡು, ಹೆಬ್ಬೆರಳಷ್ಟು ಮೇಲೆದ್ದಿವೆ! ಅಂಗಳದ ಹಲಗೆ ಎರಡೂ ಕಡೆ ಗೆರೆಯನ್ನು ನುಂಗಿ ಕುಳಿತಿತ್ತು.

"ಹಲಗೇನೇ ಸರಿಯಿಲ್ಲ ಕಣೇ" ಎಂದೆ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಮ್ಮನೇಲಿ ನೆಲಾನೇ ಡೊಂಕು ಮಾಡಿದ್ರಲ್ರೀ!" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನನಗೆ ನಗು ಬರಲಿಲ್ಲ. ಆ ಏರಿಗೆ ಮುಂದಿನ ಗಾಲಿ ತಗುಲಿದ್ದರೆ, ಅದೇ ಸೊಂಟದ ಮೇಲೆ ಮತ್ತೆ ಬೀಳುತ್ತಿದ್ದಳು. ನಾಚಿಕೆಯಾಯಿತು, ಭಯವೂ ಆಯಿತು.

"ಈಗ ತಣ್ಣೀರು ಸುರೀರಿ, ಏನಾಗುತ್ತೋ ನೋಡೋಣ" ಎಂದಳು. ಗೆರೆ ಅಳಿಯದ ಹಾಗೆ ಅಂಗಳದ ಹಲಗೆಯ ನಡುವೆ ಕೊಡಗಟ್ಟಲೆ ಸುರಿದೆ. ಇಬ್ಬರೂ ಊಟ ಮರೆತು ಕಾದೆವು. ಹಲಗೆ ಮೆಲ್ಲಗೆ ಗೆರೆಯೊಳಗೆ ಬಂತು. ಎಲಾ ಇದರ! ಮರ ನೀರಿಗೆ ಹಿಗ್ಗಿದರೆ ಇದು ಬಿಸಿಲಿಗೆ ಹಿಗ್ಗುತ್ತದೆ.

ಸಂಜೆಯೊಳಗೆ ಎಲ್ಲ ಬಿಚ್ಚಿ, ತುದಿಗಳನ್ನು ಕೊಯ್ದು, ಬೇಕಾದಷ್ಟು ಜಾಗ ಬಿಟ್ಟು ಕೂರಿಸಿದೆ. ನನ್ನ ಕೈಯಾರೆ ಸಂದಿ ಬಿಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಸುಡುಬಿಸಿಲು. ಸಂದಿ ಕಿರಿದಾಯಿತೇ ಹೊರತು ಯಾವ ಹಲಗೆಯೂ ಏಳಲಿಲ್ಲ. ಅವಳು ತಾನೇ ಗಾಲಿ ತಿರುಗಿಸುತ್ತ ಹೊರಬಂದಳು. ನಾನು ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು. ನಡುವಿನ ಸಂದಿಯ ಬಳಿ ಕುರ್ಚಿ ನಿಲ್ಲಿಸಿ, ಅವಳು ತನ್ನ ತಲೆಯಿಂದ ಒಂದು ಬಿಳಿಕೂದಲು ಕಿತ್ತು ನನಗೆ ಕೊಟ್ಟಳು.

"ತೂರ್ಸಿ ನೋಡಿ."

ಮೊಣಕಾಲೂರಿ ಕೂದಲನ್ನು ಇಳಿಬಿಟ್ಟೆ. ಸರ್ರನೆ ಇಳಿದುಹೋಯಿತು.

"ಹೋಯ್ತಾ?"

"ಹೋಯ್ತು ಕಣೇ."

ತಲೆ ಎತ್ತುವಷ್ಟರಲ್ಲಿ ಕುರ್ಚಿ ಮುಂದೆ ಹೋಗಿಯಾಗಿತ್ತು. ಅವಳ ಎರಡೂ ಕೈ ನಿಂಬೆಗಿಡದೊಳಗಿದ್ದವು.

"ಅಯ್ಯೋ, ಇದಕ್ಕೆ ನೀರು ಹಾಕಿದ್ದು ಯಾವಾಗ್ರೀ? ಈ ಒಣಗಿದ ಕೊಂಬೆ ಯಾರಿಗೆ ಕಾಯ್ತಿದೆ? ಒಂದು ಕೆಲ್ಸ ನೆಟ್ಟಗೆ ಮಾಡಲ್ವಲ್ಲ ನೀವು!"

ಏಳು ತಿಂಗಳಾದ ಮೇಲೆ ಗಿಡದ ಬುಡದಿಂದ ಆ ಬೈಗುಳ ಕೇಳಿ ನನಗೆ ಅಳುವೇ ಬಂದುಬಿಟ್ಟಿತು.